ಮಲ್ಲಿಗೆ ಮುಡಿದ ಹೈಬ್ರಿಡ್ ಕಾರು

ಬಾಗಿಲು ತೆಗೆದೊಡನೆ ಮಲ್ಲಿಗೆಯ ಪರಿಮಳ ಮೂಗಿಗೆ ಬಡಿಯಿತು. ಮಾರಾಟಕ್ಕಿದ್ದ ಆ ಹಳೆಯ ಹೈಬ್ರಿಡ್ ಕಾರಿನೊಳಗೆ ಇಡೀ ಒಂದು ಅಟ್ಟೆ, ಮೂರು ಸಾವಿರಕ್ಕೂ ಮಿಕ್ಕಿದ ಹೂ! ಹಬ್ಬವಿಲ್ಲ, ಪೂಜೆಯಿಲ್ಲ, ನನಗೆ ಅಲ್ಲೇ ಸಂಶಯ ಹುಟ್ಟಿತು.

"ಬ್ಯಾಟರಿಗೆ ಇನ್ನೂ ಮೂರು ವರ್ಷ ವಾರಂಟಿ ಉಂಟು ಮಾರಾಯ್ರೆ, ಮತ್ತೆಂತ ಹೆದರಿಕೆ?" ಎಂದರು ಕಾಪುವಿನ ಆ ಮಾಲೀಕರು.

ನಾನು ಹಿಂದಿನ ಸೀಟಿನಡಿ ಬಗ್ಗಿ, ಬ್ಯಾಟರಿಗೆ ಗಾಳಿ ಹೋಗುವ ಜಾಲರಿಯನ್ನು ಕೆರೆದೆ. ಉಗುರಿಗೆ ಮೀನಿನ ಹುರುಪೆ ಅಂಟಿಕೊಂಡು ಬಂತು. ನೀರಿಳಿದು ಹಾಳಾದ ಬ್ಯಾಟರಿಗೆ ವಾರಂಟಿ ಸಿಗುವುದಿಲ್ಲವೆಂದು ಅವರೇ ಕೊಟ್ಟ ಕಾರಿನ ಪುಸ್ತಕದಲ್ಲಿತ್ತು.

ಅಷ್ಟರಲ್ಲಿ ಜಗಲಿಯಿಂದ ಅವರ ತಾಯಿ ಮಗನನ್ನು ಕೇಳಿದರು: "ಐಸಿನ ನೀರು ಚೆಲ್ತದೆ, ಬಂಗುಡೆ ಬುಟ್ಟಿ ಕಾರಲ್ಲಿ ತರಬೇಡ ಅಂತ ನಾನು ಹೇಳಿರ್ಲಿಲ್ವಾ?"

ಕಾರು ಕೊಳ್ಳಲಿಲ್ಲ. ಆದರೆ ಮೊನ್ನೆ ಸೋದರಳಿಯನ ಮದುವೆಯಲ್ಲಿ ಹೂವಿನಿಂದ ಸಿಂಗರಿಸಿದ ಕಾರು ಬಂದು ನಿಂತಾಗ, ಮದುಮಗಳ ಮುಖ ನೋಡುವ ಮೊದಲೇ ಬಗ್ಗಿ ಹಿಂದಿನ ಸೀಟಿನಡಿ ನೋಡಿದೆ.