ಪೈಪಿನ ಮೇಲೆ ಎರಡು ಏಟು

ಆಗ ನನಗೆ ಅರವತ್ತೆರಡು. ಒಂಬತ್ತು ವರ್ಷದ ಹಿಂದಿನ ಮಾತು. ಮೇಲಿನ ಮನೆಯ ನರ್ಸಮ್ಮನ ಬೆರಳ ತುದಿಗಳು ಜರಡಿಯಂತಿದ್ದವು. ಸಕ್ಕರೆ ಕಾಯಿಲೆ, ದಿನಕ್ಕೆ ಮೂರು ಸಲ ಚುಚ್ಚಿ ರಕ್ತ ನೋಡಿಕೊಳ್ಳುತ್ತಿದ್ದರು.

ಬಾಗಲಕೋಟೆ ಕಡೆಯವರು. ಕೆಲಸದಿಂದ ನಿವೃತ್ತರಾಗಿ ದೆಹಲಿಯ ಮಯೂರ್ ವಿಹಾರದಲ್ಲಿ ಒಬ್ಬರೇ ಇದ್ದರು. ರಂಜಾನ್ ಬಂದರೆ ಮೆಟ್ಟಿಲ ಮೇಲೆ ನಿಂತು ಹೆಂಗಸರಿಗೆ ಹಿಂದಿಯಲ್ಲಿ ಪಾಠ, ನಾನು ಕೇಳದಿದ್ದರೂ ನನಗೆ ಕನ್ನಡದಲ್ಲಿ: "ಸಂಜಿಗೆ ಪಕೋಡಾ ಮುಟ್ಟಬಾರ್ದು. ಒಂದು ಖರ್ಜೂರ, ನೀರು, ಕುದಿಸಿದ ಕಡ್ಲಿ, ಅಷ್ಟ ಸಾಕು. ಕೈ ನಡುಗಿದ್ರ ರೋಜಾದ ಉಪವಾಸ ಮುರೀಬೇಕು. ದೇವ್ರು ಜೀವ ಕೇಳಿಲ್ಲ."

ಉಪವಾಸ ಹಿಡಿಯುವ ಮುಂಚಿನ ನಸುಕಿನ ಊಟಕ್ಕೆ, ಸಹರಿಗೆ, ನನ್ನಿಂದ ರಾಗಿ ಹಿಟ್ಟು ಒಯ್ದು ಅಂಬಲಿ ಕಾಯಿಸುತ್ತಿದ್ದರು. ಬೇಗ ಹಸಿವಾಗುವುದಿಲ್ಲವಂತೆ. "ನಿಮ್ಮ ರಾಗಿ ನೋಡಾಕ ಸೆಗಣಿ, ಆದ್ರ ಕೆಲಸ ಮಾಡ್ತೈತಿ" ಎನ್ನುತ್ತಿದ್ದರು. "ನಿಮ್ಮ ಜೋಳದ ರೊಟ್ಟಿ ಹಲ್ಲು ಮುರಿಯತ್ತೆ" ಎಂದು ನಾನೂ ಬಿಡುತ್ತಿರಲಿಲ್ಲ.

ಅವರಿಗೇ ಡಾಕ್ಟರು ಉಪವಾಸ ಕೂಡದು ಎಂದಿದ್ದರು. ನೋಯ್ಡಾದ ಮಗನೂ ಗದರಿದ್ದ. ಕೇಳಲಿಲ್ಲ. ನನಗೊಂದು ಕೆಲಸ ಹಚ್ಚಿದರು: ಮಧ್ಯಾಹ್ನದಿಂದ ಗಂಟೆಗೊಮ್ಮೆ ಅಡುಗೆಮನೆಯ ನೀರಿನ ಪೈಪಿಗೆ ಸೌಟಿನಿಂದ ಎರಡು ಏಟು ಹೊಡೆಯಬೇಕು, ಮೇಲಿಂದ ಎರಡು ಏಟು ಬಂದರೆ ಸರಿ. ಅಲ್ಲಿಂದ ನಾನು ನೆಟ್ಟಗೆ ಕೂತವಳಲ್ಲ. ಮಲಗಿದರೂ ಕಿವಿ ಪೈಪಿನಲ್ಲೇ.

ರಂಜಾನಿನ ಒಂಬತ್ತನೆಯ ದಿನ ಸಂಜೆ ಆರೂವರೆಗೆ ಹೊಡೆದೆ. ಸದ್ದಿಲ್ಲ. ಮತ್ತೆ ಹೊಡೆದೆ. ಇಲ್ಲ. ಲೋಟದಲ್ಲಿ ಸಕ್ಕರೆ ನೀರು ಕಲಸಿಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಮೈಯೆಲ್ಲ ಬೆವರು, ಕೈ ಗಡಗಡ.

"ಕುಡೀರಿ."

"ಹೊತ್ತು ಮುಳುಗಾಕ ಇನ್ನ ಮುಕ್ಕಾಲು ತಾಸು ಐತಿ, ಅಷ್ಟ."

"ಮೆಟ್ಟಿಲ ಮೇಲೆ ಎಲ್ಲರಿಗೂ ಹೇಳಿದ್ದು ಸುಳ್ಳಾ ಹಾಗಾದ್ರೆ? ನಿಮ್ಮ ಮಗ ಬಂದ್ರೆ ಏನನ್ನಲಿ, ಹೆಣ ತಗೊಂಡು ಹೋಗು ಅಂತಲಾ?"

"ನಿನ್ನ ಬಾಯಾಗ ಮಣ್ಣು ಬೀಳ್ಲಿ" ಎಂದರು. ಲೋಟ ಹಿಡಿಯಲು ಆಗಲಿಲ್ಲ. ನಾನೇ ಹಿಡಿದೆ. ಕುಡಿದರು.

ಜೀವ ಬಂದ ಮೇಲೆ ಅತ್ತರು. "ಎಲ್ಲಾರೂ ರೋಜಾ ಇರೋವಾಗ ನಾಳಿಂದ ನಾ ಒಬ್ಬಾಕಿ ಹಗಲಿನಾಗ ತಿನ್ನಬೇಕು. ತುತ್ತು ಹ್ಯಾಂಗ ಇಳೀತೈತಿ?" ಖಾಲಿ ಲೋಟ ಎತ್ತಿಕೊಂಡು ಕೆಳಗೆ ಬಂದೆ.

ಆಮೇಲೆ ಆರು ವರ್ಷ ಬದುಕಿದರು. ಉಪವಾಸದ ಬದಲು ರಂಜಾನಿನಲ್ಲಿ ದಿನಕ್ಕೊಬ್ಬ ಬಡವನಿಗೆ ಊಟ ಹಾಕಿದರು. ಅವರು ಹೋದ ಮೇಲೂ ಸಂಜೆಯಾದರೆ ನನ್ನ ಕೈ ಸೌಟು ಹುಡುಕುತ್ತದೆ.

ಸಕ್ಕರೆ ನೀರು ಕುಡಿಸಿದೆನಲ್ಲ, ಅದರ ಮರುದಿನ ಏಕಾದಶಿ. ಮದುವೆಯಾದಂದಿನಿಂದ ಒಂದು ಏಕಾದಶಿಯ ಉಪವಾಸವನ್ನೂ ತಪ್ಪಿಸಿದವಳಲ್ಲ ನಾನು. ಬೆಳಗ್ಗೆ ಎಂಟಕ್ಕೆ ಎರಡು ರಾಗಿ ರೊಟ್ಟಿ ತಟ್ಟಿಕೊಂಡು ಮೇಲೆ ಹೋದೆ. ಒಂದನ್ನು ಅವರ ಮುಂದಿಟ್ಟೆ. ಇನ್ನೊಂದನ್ನು ಮುರಿದು, ಮೊದಲು ನಾನು ತಿಂದೆ.