ಆರು ಮಗ್ಗ ಹಿಡಿಸುವ ಹಾಲ್

ನಾವು ಮನೆ ಕಟ್ಟಿಸುತ್ತಿದ್ದಾಗ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೊಗಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ತಳಪಾಯದ ಮೇಲೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು, ಆ ಗೋಡೆಯಿಂದ ಈ ಗೋಡೆಗೆ ಕಣ್ಣು ಹಾಯಿಸಿ ಅವರು ಹೇಳುತ್ತಿದ್ದುದು ಇಷ್ಟೇ: "ಆರು ಮಗ್ಗ ಆರಾಮಾಗಿ ಹಿಡಿಸುತ್ತೆ ಕಣಪ್ಪ."

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಮನೆಯನ್ನು ಅಳೆಯುವ ರೀತಿಯೇ ಅದು. ಬೇರೆ ಊರಿನವರು ಎಷ್ಟು ಚದರ, ಎಷ್ಟು ರೂಮು ಎಂದು ಕೇಳುತ್ತಾರೆ. ನಮ್ಮಲ್ಲಿ ಹೆಣ್ಣು ಕೊಡುವವರೂ ಎಷ್ಟು ಮಗ್ಗ ಎಂದೇ ಕೇಳುವುದು. ಹಾಗಾಗಿ ಅದು ಹೊಗಳಿಕೆ ಎನ್ನುವುದನ್ನು ಒಪ್ಪಿಕೊಳ್ಳೋಣ. ಆದರೆ ಆ ಮನೆಯನ್ನು ಕಟ್ಟಿಸಲು ಹೊರಟಿದ್ದೇ ಮಗ್ಗ ಇರಬಾರದು ಅಂತ. ಕಾಲಿಲ್ಲದವನಿಗೆಂದು ಮಾಡಿಸಿದ ಕುರ್ಚಿಯನ್ನು ನೋಡಿ, ಇದರ ಮೇಲೆ ಹತ್ತಿ ಚೆನ್ನಾಗಿ ಕುಣಿಯಬಹುದು ಎಂದು ಯಾರಾದರೂ ಹೇಳಿದರೆ ಹೇಗಿರುತ್ತದೆ? ಹಾಗೆ.

ವಿಷಯ ಅಮ್ಮನ ಕಿವಿಯದು. ಊರೊಳಗಿನ ನಮ್ಮ ಹಳೆಯ ಮನೆಯ ಮುಂಭಾಗದಲ್ಲಿ ವಿದ್ಯುತ್ ಮಗ್ಗಗಳಿದ್ದವು. ಹಿಂಭಾಗದಲ್ಲಿ ನಾವಿದ್ದೆವು. ನಡುವೆ ಒಂದೇ ಗೋಡೆ. ಬೆಳಗ್ಗೆ ಸ್ವಿಚ್ ಹಾಕಿದರೆ ಪಾತ್ರೆಗಳು ಶೆಲ್ಫಿನ ಮೇಲೆ ತಾವೇ ಸರಿದಾಡುತ್ತಿದ್ದವು. ಅಮ್ಮ ಮದುವೆಯಾಗಿ ಬಂದ ದಿನದಿಂದ ಆ ಸದ್ದಿನ ಪಕ್ಕದಲ್ಲೇ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿದವಳು. ನಾನು ಪಿಯುಸಿ ಸೇರುವ ಹೊತ್ತಿಗೆ ಅವಳ ಎಡಗಿವಿ ಮಂದವಾಗಿತ್ತು. ಮಗ್ಗ ನಿಂತ ಮೇಲೂ ಬಲಗಿವಿಯೊಳಗೆ ಒಂದು ಮಗ್ಗ ಓಡುತ್ತಲೇ ಇರುತ್ತದೆ ಎಂದು ಅವಳು ಹೇಳುತ್ತಿದ್ದಳು. ಬೆಂಗಳೂರಿನ ಕಿವಿ ಡಾಕ್ಟರು ಔಷಧಿ ಬರೆಯಲಿಲ್ಲ; ಸದ್ದಿನಿಂದ ದೂರ ಇಡಿ, ಇಲ್ಲದಿದ್ದರೆ ಉಳಿದದ್ದೂ ಹೋಗುತ್ತದೆ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಎಲ್ಲರಿಗೂ ಕೇಳುವ ಹಾಗೆ ಮಾತು ಕೊಟ್ಟರು. ರಾಜಘಟ್ಟದ ಕಡೆಗಿದ್ದ ನಮ್ಮ ತುಂಡು ಹೊಲದಲ್ಲಿ ಒಂದು ಮನೆ. ಸಂಸಾರ ಅಲ್ಲಿ, ಮಗ್ಗ ಇಲ್ಲಿ. "ಆ ಮನೇಲಿ ಒಂದು ಮಗ್ಗಾನೂ ಇರಲ್ಲ. ನಿನ್ನ ಕಿವಿಗೇಂತ್ಲೇ ಕಟ್ತಿರೋದು ಅನ್ಕೋ."

ಅಪ್ಪ ಸುಳ್ಳು ಹೇಳುವ ಮನುಷ್ಯರಲ್ಲ. ನನಗೆ ಸಿಟ್ಟು ಬರಲು ಅದೂ ಒಂದು ಕಾರಣ. ಸುಳ್ಳುಗಾರರ ಜೊತೆ ವಾದ ಮಾಡುವುದು ಸುಲಭ.

ಗುದ್ದಲಿ ಪೂಜೆಯ ದಿನ ಪುರೋಹಿತರು ಅಪ್ಪನ ಮೊಳಕೈಯಿಂದ ಬೆರಳ ತುದಿಯವರೆಗೆ ದಾರ ಹಿಡಿದು, ಆಯ ಲೆಕ್ಕ ಹಾಕಿ, ಈ ಮನೆ ಗೃಹಿಣಿಗೆ ಬಹಳ ನೆಮ್ಮದಿ ಕೊಡುತ್ತದೆ ಎಂದರು. ಗೃಹಿಣಿಯ ನೆಮ್ಮದಿಗೆ ಗೃಹಸ್ಥನ ಮೊಳಕೈ ಯಾಕೆ ಅಳೆದಿರಿ ಎಂದು ಕೇಳಿದೆ. ಪುರೋಹಿತರು ನಕ್ಕರು. ಅತ್ತೆ, ಎಂದರೆ ಅಪ್ಪನ ಅಕ್ಕ, ನನ್ನ ತೊಡೆ ಚಿವುಟಿದರು. ಕಾಲೇಜಿನಲ್ಲಿ ನಾನು ಮಾತಾಡುವ ಚರ್ಚಾ ಸ್ಪರ್ಧೆಯಲ್ಲಾದರೆ ಉತ್ತರ ಕೊಡದ ಪಕ್ಷ ಸೋತಂತೆ. ಮನೆಗಳಲ್ಲಿ ಹಾಗಲ್ಲ.

ನಮ್ಮ ಮನೆಗೆ ಭಾನುವಾರ ಎನ್ನುವುದಿರಲಿಲ್ಲ. ಕರೆಂಟ್ ಹೋದ ದಿನವೇ ರಜೆ. ಬೆಳಗ್ಗೆಯೇ ಕರೆಂಟ್ ಹೋಗಿ ಸಂಜೆವರೆಗೂ ಬರುವುದಿಲ್ಲ ಎಂದು ಗೊತ್ತಾದರೆ ಇಡೀ ಮನೆ ಹೊಲದ ಕಡೆ ಹೊರಡುತ್ತಿತ್ತು. ಅಪ್ಪ, ಅಣ್ಣ, ಅತ್ತೆ, ಜೊತೆಗೆ ನಾವು ಮಾವ ಎಂದು ಕರೆಯುತ್ತಿದ್ದ ಅಪ್ಪನ ಗೆಳೆಯರು. ಅವರದೂ ನಮ್ಮ ಬೀದಿಯೇ, ಅವರದೂ ಮಗ್ಗವೇ. ಹೊಂಗೆ ಮರದ ನೆರಳಲ್ಲಿ ಮರಳಿನ ರಾಶಿಯ ಮೇಲೆ ಸಿಮೆಂಟ್ ಚೀಲ ಹಾಸಿ ಗಂಡಸರು ಇಸ್ಪೀಟಿಗೆ ಕೂರುತ್ತಿದ್ದರು. ಮೂರು ಇಟ್ಟಿಗೆಯ ಒಲೆ ಹೂಡಿ ಅತ್ತೆ ಅವರೆಕಾಳಿನ ಸಾರಿಗೆ ಇಡುತ್ತಿದ್ದರು. ಮುದ್ದೆ ತಿರುವುವುದು ನನ್ನ ಪಾಲಿಗೆ. ಮಾತಾಡುವಾಗ ಎಲ್ಲರೂ ಕಿರುಚುತ್ತಿದ್ದರು. ಮಗ್ಗದ ಸದ್ದಿನ ಮೇಲೆ ಮಾತಾಡಿ ಬೆಳೆದವರು, ಖಾಲಿ ಹೊಲದಲ್ಲೂ ದನಿ ಇಳಿಸಲು ಬರುತ್ತಿರಲಿಲ್ಲ. ಪಕ್ಕದ ಹೊಲದವರು ಮೊದಲ ದಿನ ಜಗಳ ಬಿಡಿಸಲು ಓಡಿ ಬಂದಿದ್ದರು. ನಾವು ಆಗ ಉಪ್ಪು ಎಲ್ಲಿದೆ ಎಂದು ಕೇಳುತ್ತಿದ್ದೆವು.

ಅಮ್ಮ ಮಾತ್ರ ಗೋಡೆಗಳಿಗೆ ನೀರು ಹಾಕುತ್ತಿದ್ದಳು. ಹೊಸ ಗೋಡೆ ಒಣಗಿದರೆ ಸಿಮೆಂಟು ಹಿಡಿಯುವುದಿಲ್ಲ. ಪಕ್ಕದ ಹೊಲದ ತೊಟ್ಟಿಯಿಂದ ಬಿಂದಿಗೆಯಲ್ಲಿ ಹೊತ್ತು ತಂದು, ಗೋಡೆಯ ತಲೆಯಿಂದ ಮೆಲ್ಲಗೆ ಇಳಿಬಿಡಬೇಕು. ಕರೆಂಟ್ ಇದ್ದ ದಿನಗಳಲ್ಲೂ ಬೆಳಗ್ಗೆ ಎದ್ದು, ಮಗ್ಗ ಶುರುವಾಗುವ ಮೊದಲೇ ನಡೆದು ಬಂದು ಈ ಕೆಲಸ ಮುಗಿಸಿ ಹೋಗುತ್ತಿದ್ದಳು. ಯಾರೂ ಹೇಳಿರಲಿಲ್ಲ. ಯಾರೂ ಗಮನಿಸಿಯೂ ಇರಲಿಲ್ಲ. ನೀರು ಮುಗಿದ ಮೇಲೆ ಹಾಲ್‌ನ ನಡುವೆ ನಿಂತು ಸುಮ್ಮನೆ ಕಿವಿಗೊಡುತ್ತಿದ್ದಳು. ಇಲ್ಲಿ ಕಿಟಕಿಯ ಹತ್ತಿರ ಕೂತು ರಾಗಿ ಹೊಲ ನೋಡಬೇಕು, ದಾರಿಯಲ್ಲಿ ಹೋಗುವವರು ಕೂಗಿದರೆ ಓಗೊಡಬೇಕು, ಇಷ್ಟೇ ಅವಳಿಗೆ ಬೇಕಾಗಿದ್ದುದು. ನನಗೆ ಒಂದೆರಡು ಸಲ ಹೇಳಿದ್ದಳು.

ನಮ್ಮ ಕಣ್ಣಿಗೆ ಬೀಳದೇ ಇದ್ದುದನ್ನು ಕಂಡವಳು ನನ್ನ ಗೆಳತಿ. ಸೂಲಿಬೆಲೆ ಕಡೆಯ ರೈತರ ಮನೆಯ ಹುಡುಗಿ, ಕಾಲೇಜಿನಲ್ಲಿ ನನ್ನ ಚರ್ಚಾ ಜೊತೆಗಾತಿ. ನಾನು ಪರ ಎಂದರೆ ಅವಳು ವಿರೋಧ. ಒಂದು ಕರೆಂಟ್ ಇಲ್ಲದ ದಿನ ಅವಳನ್ನೂ ಹೊಲಕ್ಕೆ ಕರೆದುಕೊಂಡು ಹೋದೆ. ಗೋಡೆಗಳು ಎದ್ದು, ಕಿಟಕಿಯ ಚೌಕಟ್ಟುಗಳನ್ನು ನಿಲ್ಲಿಸಿದ್ದರು. ಅವುಗಳ ಮೇಲೆ ಬರುವ ಕಾಂಕ್ರೀಟ್ ಪಟ್ಟಿ, ಲಿಂಟಲ್, ಇನ್ನೂ ಹಾಕಿರಲಿಲ್ಲ. ಅವಳು ಹಾಲ್‌ನಲ್ಲಿ ಒಂದು ಸುತ್ತು ಬಂದು, ತುದಿಗಾಲಲ್ಲಿ ನಿಂತು ಹೊರಗೆ ಇಣುಕಲು ನೋಡಿದಳು. ಆಗಲಿಲ್ಲ.

"ಏನೇ ಇದು? ನಮ್ಮ ದನದ ಕೊಟ್ಟಿಗೆ ಕಿಟಕಿನೂ ಇದಕ್ಕಿಂತ ತಗ್ಗಿಗೈತೆ. ಹಸು ಆಚೆ ನೋಡುತ್ತೆ."

ನಾನು ಆಗ ನೋಡಿದೆ. ಹಾಲ್‌ನ ಎಲ್ಲ ಕಿಟಕಿಗಳೂ ನನ್ನ ತಲೆಯ ಮಟ್ಟದಲ್ಲಿ ಶುರುವಾಗುತ್ತಿದ್ದವು. ಮಗ್ಗದ ಮನೆಯಲ್ಲಿ ಹಾಗೇ ಇರಬೇಕು. ತಗ್ಗಿನ ಕಿಟಕಿಯಿಂದ ಬಿಸಿಲು ನೇರವಾಗಿ ಮಗ್ಗಕ್ಕೆ ಎಳೆದು ಕಟ್ಟಿದ ಹಾಸಿನ ಎಳೆಗಳ ಮೇಲೆ ಬಿದ್ದರೆ ರೇಷ್ಮೆಯ ಬಣ್ಣ ಹಾರುತ್ತದೆ, ಗಾಳಿಗೆ ಎಳೆ ಹರಿಯುತ್ತದೆ. ಅದಕ್ಕೇ ಬೆಳಕು ಮೇಲಿನಿಂದ ಬರಬೇಕು, ಗೋಡೆ ಖಾಲಿ ಇರಬೇಕು, ನಡುವೆ ಕಂಬ ಬರಬಾರದು. ಹುಟ್ಟಿದಾಗಿನಿಂದ ಅಂಥ ಮನೆಗಳನ್ನೇ ನೋಡಿದ ನಮಗೆ ಅದರಲ್ಲಿ ವಿಚಿತ್ರ ಕಂಡಿರಲಿಲ್ಲ. ಅಮ್ಮನಿಗೂ ಕಂಡಿರಲಿಲ್ಲ. ಗೆಳತಿಯ ಮಾತು ಕೇಳಿ ಅವಳು ಬಿಂದಿಗೆ ಕೆಳಗಿಟ್ಟು, ಒಂದು ಕಿಟಕಿಯ ಕೆಳಗೆ ಇಟ್ಟಿಗೆಯ ಮೇಲೆ ಕೂತು ನೋಡಿದಳು. ಎದುರಿಗೆ ಗೋಡೆ. ತಲೆ ಎತ್ತಿದರೆ ಆಕಾಶ. ಎದ್ದು ಸೀರೆ ಕೊಡವಿಕೊಂಡಳು.

ನಾನು ಸೀದಾ ಇಸ್ಪೀಟಿನ ನಡುವೆ ಹೋಗಿ ನಿಂತೆ. ಹಾಲ್‌ನ ಕಿಟಕಿಗಳನ್ನು ಅಲ್ಲಿ ಇಡಲು ಹೇಳಿದ್ದು ಯಾರು ಎಂದು ಕೇಳಿದೆ.

ಅಪ್ಪ ಎಲೆಗಳಿಂದ ಕಣ್ಣು ತೆಗೆಯಲಿಲ್ಲ. "ಮೇಸ್ತ್ರಿ ಎಲ್ಲಿಡ್ಲಿ ಅಂದ. ಎಲ್ಲಾ ಮನೇಲಿರೋ ಹಂಗೆ ಇಡಪ್ಪ ಅಂದೆ."

"ಎಲ್ಲಾ ಮನೇಲೂ ಮಗ್ಗ ಐತಲ್ಲಪ್ಪ."

ಮಾವ ಜೋರಾಗಿ ನಕ್ಕರು. ಅಪ್ಪನ ಮುಖದಲ್ಲಿ ನಿಜವಾದ ಗೊಂದಲವಿತ್ತು. ನೂರು ಸಲ ಆ ಗೋಡೆಗಳ ಪಕ್ಕ ಓಡಾಡಿದ ಮನುಷ್ಯ ತಾನು ಕಟ್ಟಿಸುತ್ತಿರುವುದು ಮಗ್ಗದ ಮನೆ ಎಂದು ಕಂಡಿರಲೇ ಇಲ್ಲ. ಅವರಿಗೆ ಮನೆ ಎಂದರೆ ಅದೇ ಆಕಾರ. ಅಲ್ಲಿಗೆ ಮಾತು ನಿಂತಿದ್ದರೆ ಆ ಕ್ಷಣವೇ ಒಪ್ಪಿಬಿಡುತ್ತಿದ್ದರೇನೋ. ಅಷ್ಟರಲ್ಲಿ ಅಣ್ಣ ಬಾಯಿ ಹಾಕಿದ. ಕಿಟಕಿ ಮೇಲಿದ್ದರೆ ಗಂಟೇನು ಹೋಯಿತು, ಈಗಲೇ ಮಗ್ಗ ತರುತ್ತೇವೆ ಎಂದು ಯಾರು ಹೇಳಿದರು, ಮುಂದೆ ತನ್ನ ಮದುವೆಯಾಗಿ ಕೆಲಸ ಬೆಳೆದರೆ ಜಾಗ ಇರಲಿ ಬಿಡು ಎಂದ. ಒಲೆಯ ಹತ್ತಿರದಿಂದ ಅತ್ತೆ, ಹೆಂಗಸರು ಕಿಟಕಿಯಲ್ಲಿ ಕೂತು ಯಾರಿಗೆ ಮುಖ ತೋರಿಸಬೇಕಂತೆ ಎಂದು ಕೂಗಿದರು.

ನಾನು ಒಂದೊಂದಾಗಿ ಹೇಳಿದೆ. ಡಾಕ್ಟರು ಹೇಳಿದ್ದು ಒಂದು. ಬಸ್ಸಿನಲ್ಲಿ ಕೊಟ್ಟ ಮಾತು ಇನ್ನೊಂದು. ಜಾಗ ಇದ್ದರೆ ಮಗ್ಗ ಬಂದೇ ಬರುತ್ತದೆ, ಅದಕ್ಕೆ ನಮ್ಮ ಬೀದಿಯ ಪ್ರತಿ ಮನೆಯೂ ಸಾಕ್ಷಿ: ಮೊದಲು ಹಜಾರ, ಆಮೇಲೆ ದೇವರ ಕೋಣೆಯ ಪಕ್ಕ, ಕೊನೆಗೆ ಬಾಣಂತಿಯನ್ನು ಅಡಿಗೆಮನೆಯಲ್ಲಿ ಮಲಗಿಸುತ್ತಾರೆ. ಲಿಂಟಲ್ ಬಿದ್ದ ಮೇಲೆ ಏನೂ ಮಾಡಲಾಗುವುದಿಲ್ಲ, ಆದ್ದರಿಂದ ಈಗಲೇ ಇಳಿಸಬೇಕು. ಸ್ಪರ್ಧೆಯಲ್ಲಾಗಿದ್ದರೆ ತೀರ್ಪುಗಾರರು ಗಂಟೆ ಬಾರಿಸುವ ಮೊದಲೇ ಗೆದ್ದಿರುತ್ತಿದ್ದೆ. ನನ್ನ ಗೆಳತಿ, ಯಾವತ್ತೂ ವಿರೋಧವನ್ನೇ ಹಿಡಿಯುವವಳು, ಅವತ್ತು ಒಂದು ಮಾತೂ ವಿರೋಧ ಆಡಲಿಲ್ಲ.

"ಚರ್ಚೇಲಿ ಕಪ್ ಗೆದ್ದಿರೋದು ಕಾಲೇಜಲ್ಲಿ ಕಣಮ್ಮ," ಎಂದರು ಅಪ್ಪ. "ಇಲ್ಲಿ ಗೋಡೆ ಕಟ್ಟಿಸ್ತಿರೋದು ನಾನು. ಮಗ್ಗ ತರಲ್ಲ ಅಂದ್ಮೇಲೆ ತರಲ್ಲ. ಹೋಗು, ಮುದ್ದೆ ಗಂಟಾಗುತ್ತೆ."

ಮುದ್ದೆ ಗಂಟಾಗಿತ್ತು. ಅದನ್ನೇ ತಿಂದರು. ನಾನು ಊಟ ಮಾಡಲಿಲ್ಲ. ವಾಪಸು ನಡೆಯುವಾಗ ಗೆಳತಿಯ ಮುಖ ನೋಡಲು ಅವಮಾನವಾಗಿ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಅಮ್ಮ ಇಡೀ ಹೊತ್ತು ಒಂದು ಮಾತೂ ಆಡಿರಲಿಲ್ಲ. ಅವಳ ಮೇಲೂ ಸಿಟ್ಟು ಬಂತು. ಅವಳ ಕಿವಿ, ಅವಳ ಕಿಟಕಿ, ಕಿರುಚುವುದು ಮಾತ್ರ ನಾನು.

ಮರುದಿನ ಬೆಳಗ್ಗೆ ಅಮ್ಮ ಹೊಲಕ್ಕೆ ಹೋಗಲಿಲ್ಲ. ಕಂಡಿಕೆ ಸುತ್ತುತ್ತ ಕೂತಳು. ಅದರ ಮರುದಿನವೂ ಹೋಗಲಿಲ್ಲ. ಕೆಲವು ದಿನ ಕಳೆದ ಮೇಲೆ ಮೇಸ್ತ್ರಿ ಮನೆ ಬಾಗಿಲಿಗೇ ಬಂದ. ಮಗ್ಗದ ಸದ್ದಿನಲ್ಲಿ ಅವನು ಹೇಳುತ್ತಿದ್ದುದು ಅಪ್ಪನಿಗೆ ಕೇಳಿಸಲಿಲ್ಲ. ಹೊರಗೆ ಬೀದಿಗೆ ಕರೆದುಕೊಂಡು ಹೋಗಿ ಕೇಳಬೇಕಾಯಿತು. ಗೋಡೆಗಳು ಒಣಗಿ ಬೆಳ್ಳಗಾಗಿವೆ, ಗಾರೆ ಕೈಯಲ್ಲಿ ಉಜ್ಜಿದರೆ ಉದುರುತ್ತಿದೆ, ದಿನಾ ನೀರು ಹಾಕುತ್ತಿದ್ದ ಅಮ್ಮನಿಗೆ ಹುಷಾರಿಲ್ಲವೇ ಎಂದು ಅವನು ಕೇಳಿದನಂತೆ. ಅಪ್ಪ ಅಣ್ಣನನ್ನು ಕಳಿಸಿದರು. ಅವನು ಒಂದು ದಿನ ಹೋಗಿ ಬಂದು ಸೊಂಟ ಹಿಡಿದುಕೊಂಡ. ಮಾರನೆಯ ದಿನ ಅವನಿಗೆ ಎಲ್ಲೋ ತುರ್ತು ಕೆಲಸ ಬಂತು.

ಆಗ ಅಪ್ಪ ಮಗ್ಗಗಳ ಸ್ವಿಚ್ ಆರಿಸಿದರು. ಕರೆಂಟ್ ಇರುವಾಗ ಅವರು ಮಗ್ಗ ನಿಲ್ಲಿಸಿದ್ದನ್ನು ನಾನು ಕಂಡಿದ್ದುದು ಯಾರದಾದರೂ ಸಾವಿನ ಸುದ್ದಿ ಬಂದಾಗ ಮಾತ್ರ. ಬೀದಿಯವರು ಏನಾಯಿತೆಂದು ಬಾಗಿಲಲ್ಲಿ ಇಣುಕಿದರು. ಅಪ್ಪ ಅಮ್ಮನ ಮುಂದೆ ಬಂದು ನಿಂತು, ಯಾಕೆ ಹೋಗುತ್ತಿಲ್ಲ ಎಂದು ಕೇಳಿದರು.

ಅಮ್ಮ ರಾಟೆಯಿಂದ ಕೈ ತೆಗೆಯದೆ ಹೇಳಿದಳು. "ಮಗ್ಗದ ಮನೆಗೆ ನಾನ್ಯಾಕೆ ನೀರು ಹೊರ್ಲಿ? ಮಗ್ಗ ಹಾಕೋರು ಹೊತ್ಕೊಳ್ಲಿ."

"ಮಗ್ಗ ಹಾಕಲ್ಲ ಅಂತ ಹೇಳಿದ್ನಲ್ಲ."

"ಹಂಗಾದ್ರೆ ಕಿಟಕಿ ಇಳಿಸಿ."

ಅಷ್ಟೇ. ನಾನು ಒಂದಾದ ಮೇಲೊಂದು ಜೋಡಿಸಿ ಹೇಳಿದ್ದನ್ನು ಅವಳು ಎರಡು ಮಾತಿನಲ್ಲಿ ಮುಗಿಸಿದಳು. ಆದರೆ ಅವಳ ಮಾತು ನನ್ನದಕ್ಕಿಂತ ಚೆನ್ನಾಗಿತ್ತೆಂದು ಅಪ್ಪ ಒಪ್ಪಿದರು ಎಂದು ಯಾರೂ ಭಾವಿಸಬೇಡಿ. ಗೋಡೆ ಉದುರುತ್ತಿತ್ತು, ಅದಕ್ಕೆ ಒಪ್ಪಿದರು. ನ್ಯಾಯವನ್ನು ನ್ಯಾಯ ಎಂದು ಹೇಳಿದಾಗ ಕೇಳಿಸದ ಕಿವಿಗೆ, ಬಿಂದಿಗೆ ಕೆಳಗಿಟ್ಟಾಗ ಕೇಳಿಸಿತು. ಇದು ನನಗೆ ಇವತ್ತಿಗೂ ಸಮಾಧಾನ ಕೊಡುವ ವಿಷಯವಲ್ಲ. ವಾದ ಕಲಿಸಿದ ಮೇಷ್ಟ್ರುಗಳ ಮೇಲೂ ಆ ವಾರ ನನಗೆ ಸಿಟ್ಟಿತ್ತು.

ಮೇಸ್ತ್ರಿ ಗೊಣಗುತ್ತ ಚೌಕಟ್ಟುಗಳನ್ನು ಬಿಚ್ಚಿ, ಗೋಡೆ ಒಡೆದು, ಕೂತರೆ ಮೊಣಕೈ ಊರುವ ಮಟ್ಟಕ್ಕೆ ಕಿಟಕಿಗಳನ್ನು ಇಳಿಸಿದ. ಅಮ್ಮ ಮತ್ತೆ ಬೆಳಗಿನ ಹೊತ್ತು ನೀರಿಗೆ ಹೋಗತೊಡಗಿದಳು.

ಮುಂದಿನ ಸಲ ಕರೆಂಟ್ ಹೋದಾಗ ಎಲ್ಲರೂ ಹೊಲಕ್ಕೆ ಹೋದೆವು. ಅತ್ತೆ ಹಾಲ್ ನೋಡಿ ಹಣೆ ಚಚ್ಚಿಕೊಂಡರು. ಇಷ್ಟು ದೊಡ್ಡ ಜಾಗ, ಇನ್ನು ಒಂದು ಮಗ್ಗಕ್ಕೂ ಬರುವುದಿಲ್ಲವಲ್ಲ, ದುಡ್ಡು ಕೊಟ್ಟು ಮನೆ ಕೆಡಿಸಿಕೊಂಡ ಹಾಗಾಯಿತು ಎಂದರು. ಮಾವ ಎಲೆ ಹಂಚುತ್ತ ಕಾರಣ ಕೇಳಿದರು. ಅಪ್ಪ ಸ್ವಲ್ಪವೂ ತಡವರಿಸದೆ ಉತ್ತರ ಕೊಟ್ಟರು. ಹೊಲದ ಗಾಳಿ ಒಳಗೆ ಬರಲಿ ಎಂದು ತಾವೇ ಯೋಚನೆ ಮಾಡಿ ಇಳಿಸಿದ್ದು ಎಂದರು.

ನನಗೆ ತಡೆಯಲಾಗಲಿಲ್ಲ. "ಇಳಿಸಿದ್ದು ನೀನಲ್ಲ, ಅಮ್ಮ," ಎಂದೆ.

"ಮಗ್ಗ ಹಾಕಲ್ಲ ಅಂತ ಮೊದ್ಲೇ ಹೇಳಿದ್ದು ಯಾರಮ್ಮ? ನಾನೇ ತಾನೆ? ನಾನು ಹೇಳಿದ್ದೇ ಆಯ್ತಲ್ಲ."

ಎಲ್ಲರೂ ನಕ್ಕರು. ಅವರ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ಗೊತ್ತಿತ್ತು, ಎಲ್ಲಿಂದ ಹಿಡಿದು ಶುರು ಮಾಡಬೇಕೆಂದು ಗೊತ್ತಾಗಲಿಲ್ಲ.

ಅಮ್ಮ ಹಾಲ್‌ನ ಒಂದು ಕಿಟಕಿಯಲ್ಲಿ, ಇನ್ನೂ ಗಾರೆ ಮೆತ್ತದ ಇಟ್ಟಿಗೆಯ ಮೇಲೆ, ಕಾಲು ಒಳಗೆ ಇಳಿಬಿಟ್ಟು ಕೂತಿದ್ದಳು. ಖಾಲಿ ಬಿಂದಿಗೆ ಪಕ್ಕದಲ್ಲಿತ್ತು. ನಾನು ಹೋಗಿ ಕೆಳಗೆ ನಿಂತೆ. ಅವಳು ನನ್ನ ಕಡೆ ನೋಡದೆ ಅಣ್ಣನನ್ನು ಕೂಗಿ, ಹಿಂದಿನ ಗೋಡೆ ಒಣಗಿದೆ, ನೀರು ಹಾಕು ಎಂದಳು. ಆಟದ ನಡುವೆ ಏಳಬೇಕಾ ಎಂದು ಅಣ್ಣ ಅಪ್ಪನ ಮುಖ ನೋಡಿದ. ಅಪ್ಪ ತಮ್ಮ ಎಲೆಗಳನ್ನು ನೋಡಿಕೊಂಡರು. ಬೇರೆ ದಾರಿಯಿಲ್ಲದೆ ಅಣ್ಣ ಎದ್ದು ಬಂದು ಬಿಂದಿಗೆ ತೆಗೆದುಕೊಂಡು ಹೋದ.

ಅವನು ಗೋಡೆಯ ತಲೆಯಿಂದ ಇಳಿಬಿಡುವ ಬದಲು ಎದುರಿಗೆ ನಿಂತು ರಪ್ಪನೆ ಎರಚಿದ. ಅರ್ಧ ನೀರು ಅವನ ಪ್ಯಾಂಟಿನ ಮೇಲೇ ಬಿತ್ತು. ಹೇಗೆ ಹಾಕಬೇಕೆಂದು ತೋರಿಸಲು ನಾನು ಹೊರಟೆ. ಅಮ್ಮ ನನ್ನ ದುಪಟ್ಟಾ ಹಿಡಿದೆಳೆದು, ಸರಿದು ಜಾಗ ಮಾಡಿಕೊಟ್ಟಳು.

"ಕೂತ್ಕೋ," ಎಂದಳು. "ಕಲೀಲಿ."