ವೆಲ್ಡಾಳ ಬಾಯಿಗೊಂದು ಮಿಠಾಯಿ

ಬೆಳಗಿನ ಆಟಕ್ಕೆ ಕೂರುವ ಮೊದಲು ಓರ್ವಿಲ್ ಅಂಗಿಯ ಜೇಬಿನಿಂದ ಒಂದು ಮಿಠಾಯಿ ತೆಗೆದು ವೆಲ್ಡಾಳ ಪಣದ ಬಿಲ್ಲೆಗಳ ಪಕ್ಕ ಇಡುತ್ತಾನೆ. ಮೇಣದ ಕಾಗದ ಸುತ್ತಿದ, ಜಗಿದಷ್ಟೂ ಹಲ್ಲಿಗೆ ಅಂಟಿ ಬಾಯಿಗೆ ಬೀಗ ಹಾಕುವ ಜಾತಿಯದು.

"ತಗೋ, ಬೀಗ."

"ಇದನ್ನೇ ನಿನ್ನ ಹೆಂಡ್ತಿ ನಿಂಗೆ ಕೊಟ್ಟಿದ್ರೆ ಅವಳ ಕಿವಿ ಉಳೀತಿತ್ತು," ಎನ್ನುತ್ತಾಳೆ ವೆಲ್ಡಾ.

ಇಷ್ಟಾದ ಮೇಲೆಯೇ ಆಟ ಶುರು. ಇಸ್ಪೀಟು ಎಲೆ ಹಂಚುವ ಮರಿಸೆಲ್ ಕೂಡ ಅಲ್ಲಿಯವರೆಗೆ ಕಟ್ಟು ಕಲಸುತ್ತಾ ಕಾಯುತ್ತಾಳೆ.

ನೆವಾಡಾದ ಆ ಗಣಿ ಊರಿನ ಮುಖ್ಯ ಬೀದಿಯಲ್ಲಿ ವೆಲ್ಡಾಳ ಕೇಶಾಲಂಕಾರದ ಅಂಗಡಿ ಇತ್ತು. ಕತ್ತರಿ ಆಡುವಷ್ಟು ಹೊತ್ತೂ ಅವಳ ನಾಲಿಗೆ ಆಡುತ್ತಿತ್ತು. ಎರಡಕ್ಕೂ ಸೇರಿಯೇ ಹೆಂಗಸರು ದುಡ್ಡು ಕೊಡುತ್ತಿದ್ದರು. ಮಂಡಿ ಸೋತ ಮೇಲೆ ಅಂಗಡಿಯನ್ನು ತಂಗಿಯ ಮಗಳಿಗೆ ಬಿಟ್ಟು, ಅವಳು ಕಾಪರ್ ಲ್ಯಾಂಟರ್ನ್ ಕ್ಯಾಸಿನೊದ ಕಾಫಿ ಕೌಂಟರಿನ ಎದುರಿನ ಹಸಿರು ಮೇಜಿಗೆ ಬರತೊಡಗಿದಳು. ಪೋಕರ್ ಆಟ, ಎರಡು ಡಾಲರಿನ ಪಣ, ಹೆಚ್ಚೆಂದರೆ ನಾಲ್ಕು. ಮಧ್ಯಾಹ್ನದೊಳಗೆ ಸೋತವರಿಗೆ ಗೆದ್ದವರು ಊಟ ಕೊಡಿಸುತ್ತಿದ್ದರು. ದುಡ್ಡು ಮೇಜು ಬಿಟ್ಟು ದೂರ ಹೋದದ್ದು ಕಡಿಮೆ.

ಗೋಡೆಯ ಮೇಲೆ ಮಾತ್ರ ದೊಡ್ಡ ದುಡ್ಡಿನ ಅಂಕಿ ಮಿನುಗುತ್ತಿತ್ತು. ಅದು ಜಾಕ್‌ಪಾಟ್. ಪ್ರತಿ ಆಟಕ್ಕೂ ಮರಿಸೆಲ್ ಒಂದು ಡಾಲರನ್ನು ಮೇಜಿನ ಸೀಳಿನೊಳಗೆ ಬೀಳಿಸುತ್ತಾಳೆ. ಒಂದೇ ಅಂಕಿಯ ನಾಲ್ಕು ಎಲೆ ಇದ್ದೂ ಯಾರಾದರೂ ಸೋತರೆ ಆ ಗಂಟು ಬಿಚ್ಚುತ್ತದೆ. ಅರ್ಧ ಸೋತವನಿಗೆ, ಕಾಲುಭಾಗ ಗೆದ್ದವನಿಗೆ, ಉಳಿದದ್ದು ಮೇಜಿನ ಸುತ್ತ ಕೂತ ಎಲ್ಲರಿಗೂ. ಷರತ್ತು ಒಂದೇ. ಆಟ ಮುಗಿಯುವವರೆಗೆ ಯಾರೂ ಎಲೆಗಳ ಬಗ್ಗೆ ಬಾಯಿ ಬಿಡಬಾರದು. ಬಿಟ್ಟರೆ ಯಾರಿಗೂ ಏನೂ ಇಲ್ಲ.

ಎರಡು ವರ್ಷದ ಹಿಂದೆ ಹಾಗೊಂದು ಆಟ ಬಿದ್ದಿತ್ತು. ಪಣ ಇನ್ನೂ ನಡೆಯುತ್ತಿದ್ದಾಗಲೇ ವೆಲ್ಡಾ, "ಅಯ್ಯೋ, ಜಾಕ್‌ಪಾಟ್ ಕಣ್ರೋ ಇದು," ಅಂದುಬಿಟ್ಟಳು. ಗಂಟು ಗಂಟಾಗಿಯೇ ಉಳಿಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಆ ಚಳಿಗಾಲವಿಡೀ ಅವಳು ಮನೆಯಲ್ಲೇ ಕೂತು ಒಲೆಯ ಮೇಲಿನ ಕೆಟಲ್ ಜೊತೆ ಮಾತಾಡಿದಳು. ಹಿಮ ಕರಗುವ ಹೊತ್ತಿಗೆ ಓರ್ವಿಲ್ ಬಾಗಿಲು ತಟ್ಟಿ ಮಿಠಾಯಿ ಚಾಚಿದ್ದ. "ಇದನ್ನ ಬಾಯಿಗೆ ಹಾಕ್ಕೊಂಡು ಬಾ ಮಾರಾಯ್ತಿ. ನೀನಿಲ್ದೆ ಆ ಮೇಜು ಸ್ಮಶಾನ ಆಗಿದೆ."

ಅಂದಿನಿಂದ ಅವಳಿಗೆ ಒಂದೇ ಆಸೆ. ಅಂಥದೇ ಆಟ ಇನ್ನೊಮ್ಮೆ ಬರಬೇಕು, ಕೊನೆಯ ಎಲೆ ತಿರುಗುವವರೆಗೂ ತಾನು ತುಟಿ ಬಿಚ್ಚದೆ ಕೂರಬೇಕು, ಅದನ್ನು ಇವರೆಲ್ಲ ನೋಡಬೇಕು.

ಬಂತು, ಶರತ್ಕಾಲದ ಒಂದು ಮಂಗಳವಾರ.

ಅಂದು ವೆಲ್ಡಾ ಓರ್ವಿಲ್‌ನ ಎಡಕ್ಕೆ, ಬೆನಾತ್ ಬಲಕ್ಕೆ ಕೂತಿದ್ದರು. ಬೆನಾತ್ ಹುಡುಗನಾಗಿದ್ದಾಗಲೇ ಕಡಲಾಚೆಯ ಬಾಸ್ಕ್ ಸೀಮೆಯಿಂದ ಕುರಿ ಕಾಯಲು ಬಂದವನು. ಬೇಸಿಗೆಗಳನ್ನೆಲ್ಲ ಒಂದು ನಾಯಿಯ ಜೊತೆ ಬೆಟ್ಟದ ಮೇಲೆ ಕಳೆದವನು. ಮೂರು ಭಾಷೆ ಬಲ್ಲ, ಮೂರರಲ್ಲೂ ಮಾತಾಡುವುದಿಲ್ಲ. ಆಟದಲ್ಲಿ ಉಳಿಯುವುದಾದರೆ ಬೆರಳಿನಿಂದ ಮೇಜು ತಟ್ಟುತ್ತಾನೆ, ಇಲ್ಲವಾದರೆ ಎಲೆ ಎಸೆಯುತ್ತಾನೆ. "ಇದ್ದ ಮಾತೆಲ್ಲ ಕುರಿಗಳಿಗೇ ಹೇಳಿ ಮುಗಿಸಿದಾನೆ," ಎನ್ನುವುದು ಓರ್ವಿಲ್‌ನ ಹಳೇ ನಗೆಮಾತು. ಎದುರಿಗೆ ಹೆಲ್ಗಾ ಟೀಚರ್. ರಾತ್ರಿಪಾಳಿ ಮುಗಿಸಿ ಬಂದ ಇಬ್ಬರು ಗಣಿ ಕೆಲಸದವರೂ ಇದ್ದರು. ಇಬ್ಬರೂ ಒಂದು ಕಾಲಕ್ಕೆ ಟೀಚರ್ ಹತ್ತಿರ ಮಗ್ಗಿ ಒಪ್ಪಿಸಿದವರೇ.

ಓರ್ವಿಲ್‌ಗೆ ಕಣ್ಣಿನಲ್ಲಿ ಪೊರೆ ಬಂದಿದೆ. ಎಲೆಗಳನ್ನು ಮೂಗಿನ ತನಕ ಎತ್ತಿ ನೋಡುತ್ತಾನೆ. ಆಗ ಅಕ್ಕಪಕ್ಕದವರಿಗೆ ಬೇಡವೆಂದರೂ ಕಾಣುತ್ತದೆ. ವೆಲ್ಡಾ, ಬೆನಾತ್ ಇಬ್ಬರೂ ಮರ್ಯಾದೆಗೆ ಕಾಫಿ ಕೌಂಟರಿನ ಕಡೆ ಮುಖ ತಿರುಗಿಸುತ್ತಾರೆ. ಅಂದು ಬೆಳಿಗ್ಗೆಯೇ ಅವನು ಒಂಬತ್ತನ್ನು ಎಂಟೆಂದು ಓದಿ ಗೆಲ್ಲುವ ಆಟ ಎಸೆದಿದ್ದ. "ಎಂಟಕ್ಕೂ ಒಂಬತ್ತಕ್ಕೂ ಒಂದು ಬಾಲ ತಾನೇ ವ್ಯತ್ಯಾಸ," ಎಂದು ತಾನೇ ನಕ್ಕಿದ್ದ.

ಮರಿಸೆಲ್ ಮೇಜಿನ ನಡುವೆ, ಎಲ್ಲರ ಕೈಗೂ ಸೇರುವ ಐದು ಎಲೆ ತೆರೆದಳು. ಸ್ಪೇಡಿನ ಏಳು, ಎಂಟು, ಒಂಬತ್ತು. ಆಮೇಲೆ ಡೈಮಂಡಿನ ಒಂಬತ್ತು. ಕೊನೆಗೆ ಯಾರಿಗೂ ಬೇಡದ ಎರಡು. ಓರ್ವಿಲ್ ಕೈಯಲ್ಲಿದ್ದ ತನ್ನ ಎರಡು ಎಲೆಗಳನ್ನು ಮೂಗಿಗೆ ಎತ್ತಿದ. ವೆಲ್ಡಾ ಮುಖ ತಿರುಗಿಸುವುದು ಅರೆಗಳಿಗೆ ತಡವಾಯಿತು.

ಉಳಿದೆರಡು ಒಂಬತ್ತು ಅವನ ಕೈಯಲ್ಲಿದ್ದವು.

ಓರ್ವಿಲ್ ನಾಲ್ಕು ಡಾಲರ್ ಮುಂದೆ ತಳ್ಳಿದ. ಹೆಲ್ಗಾ ಟೀಚರ್ ಕನ್ನಡಕ ಸರಿಪಡಿಸಿಕೊಂಡು, ಅದರ ಮೇಲೆ ಇನ್ನೂ ನಾಲ್ಕು ಏರಿಸಿ ಎಂಟು ಇಟ್ಟರು. ಉಳಿದವರೆಲ್ಲ ಎಲೆ ಎಸೆದರು. ತನ್ನನ್ನು ಯಾರೂ ಸೋಲಿಸಲಾರರೆಂದು ಖಚಿತವಾಗದೆ ಟೀಚರ್ ಪಣ ಏರಿಸಿದ್ದೇ ಇಲ್ಲ. ಅಂದರೆ ಅವರ ಕೈಯಲ್ಲಿ ಸ್ಪೇಡಿನ ಹತ್ತು ಮತ್ತು ಗುಲಾಮ. ಐದು ಎಲೆ ಸಾಲಾಗಿ, ಒಂದೇ ಜಾತಿ. ನಾಲ್ಕು ಒಂಬತ್ತನ್ನೂ ಸೋಲಿಸುವ ಕೈ ಅದು. ಓರ್ವಿಲ್ ಇನ್ನು ನಾಲ್ಕು ಡಾಲರ್ ಕೊಟ್ಟು ಎಲೆ ತೋರಿಸಿದರೆ ಸಾಕಿತ್ತು, ಜಾಕ್‌ಪಾಟ್ ಗಂಟು ಬಿಚ್ಚುತ್ತಿತ್ತು. ಅವಳು ಮಿಠಾಯಿಯನ್ನು ಕಾಗದದ ಸಮೇತ ಬಾಯಿಗೆ ತುರುಕಿಕೊಂಡಳು.

ಓರ್ವಿಲ್ ಎಲೆಗಳನ್ನು ಇನ್ನೊಮ್ಮೆ ಮೂಗಿಗೆ ಎತ್ತಿದ, ಇಳಿಸಿದ, ನಿಟ್ಟುಸಿರಿಟ್ಟ. "ಟೀಚರ್ ಏರಿಸಿದ ಮೇಲೆ ಮಾತೇನಿದೆ. ನಿಮ್ಮ ಕ್ಲಾಸಲ್ಲಿ ಕೂತಿದ್ರೂ ನಾನು ಹಿಂದಿನ ಬೆಂಚೇ." ಅವನ ಬೆರಳುಗಳು ಎಲೆಗಳನ್ನು ಎಸೆಯಲು ಕೂಡಿಸಿಕೊಳ್ಳುತ್ತಿದ್ದವು.

ಎಂಟು ಅಂದುಕೊಂಡಿದ್ದಾನೆ ಈ ಕುರುಡ. ವೆಲ್ಡಾಳೊಳಗೆ ಮಾತು ಹಾಲಿನಂತೆ ಉಕ್ಕಿ ಗಂಟಲಿಗೆ ಬಂತು. ಅವಳು ದವಡೆ ಬಿಗಿದಳು. ಮೇಣದ ಕಾಗದ ಹಲ್ಲಿನಡಿ ಕಿರ್ ಎಂದಿತು. ಕಣ್ಣಲ್ಲಿ ನೀರು ಬಂತು.

"ಅದು ಎಂಟಲ್ಲ, ಓರ್ವಿಲ್. ಒಂಬತ್ತು."

ಮೇಜಿನವರೆಲ್ಲ ರೂಢಿಯಂತೆ ವೆಲ್ಡಾಳ ಕಡೆ ತಿರುಗಿದರು. ಅವಳ ತುಟಿಯಂಚಿನಿಂದ ಕಾಗದದ ತುದಿ ಜೋತಾಡುತ್ತಿತ್ತು. ಅವಳು ಜೋರಾಗಿ ಅಡ್ಡಡ್ಡ ತಲೆಯಾಡಿಸಿ ಬೆರಳು ತೋರಿಸಿದಳು. ಆಗ ಎಲ್ಲರೂ ಬೆನಾತ್‌ನ ಕಡೆ ನೋಡಿದರು. ಆ ಒರಟು ದನಿ ಎಲ್ಲಿಂದ ಬಂತೆಂದು ಅವನೂ ಹುಡುಕುತ್ತಿದ್ದಂತಿತ್ತು.

ಮೇಲ್ವಿಚಾರಕ ಬಂದ, ಕೇಳಿದ, ಗೋಡೆಯ ಅಂಕಿಯ ಕಡೆ ಒಮ್ಮೆ ನೋಡಿದ. "ರೂಲ್ಸು ನಿಮಗೆಲ್ಲ ಗೊತ್ತೇ ಇದೆ," ಎಂದು ತಗ್ಗಿದ ದನಿಯಲ್ಲಿ ಹೇಳಿದ. ಓರ್ವಿಲ್ ನಾಲ್ಕು ಡಾಲರ್ ತಳ್ಳಿ ಎಲೆ ತಿರುವಿದ. ಟೀಚರೂ ತಿರುವಿದರು. ನಾಲ್ಕು ಒಂಬತ್ತು, ಏಳರಿಂದ ಗುಲಾಮನವರೆಗೆ ಸ್ಪೇಡಿನ ಸಾಲು. ಗಾಜಿನಾಚೆಯ ಒಡವೆಯನ್ನು ನೋಡುವಂತೆ ಎಲ್ಲರೂ ಸ್ವಲ್ಪ ಹೊತ್ತು ನೋಡಿದರು.

ಬೆನಾತ್ ಎದ್ದು ಟೋಪಿ ತೆಗೆದುಕೊಂಡ.

ನಾನಲ್ಲ, ಈ ಸಲ ನಾನಲ್ಲ, ಎಂದು ವೆಲ್ಡಾಳ ಮನಸ್ಸಿನಲ್ಲಿ ಸಣ್ಣ ಸಂತೋಷವೊಂದು ಕುಣಿಯುತ್ತಿತ್ತು. ಬೆನಾತ್ ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ತಿರುಗಿದ್ದನ್ನು ಕಂಡಾಗ ಅದು ತಣ್ಣಗಾಯಿತು. ಅವಳು ಮಂಡಿ ನೋವನ್ನೂ ಮರೆತು ಎದ್ದು, ಓರ್ವಿಲ್‌ನ ಬೆನ್ನ ಹಿಂದಿನಿಂದ ಹೋಗಿ ಬೆನಾತ್‌ನ ತೋಳು ಹಿಡಿದಳು. ಬಾಯಿಂದ ಕಾಗದ ತೆಗೆದಳು.

"ಕೂತ್ಕೊ. ಈಗ ಬಾಗಿಲು ದಾಟಿದ್ರೆ ಹಿಮ ಕರಗೋವರೆಗೂ ನೀನು ವಾಪಸ್ ಬರಲ್ಲ. ನಂಗೊತ್ತು. ನಂಗಾದ್ರೆ ಮಾತಾಡೋಕೆ ಕೆಟಲ್ ಇತ್ತು. ನಿಂಗೆ ಆ ಅಭ್ಯಾಸನೂ ಇಲ್ಲ."

ಬೆನಾತ್ ನಿಂತೇ ಇದ್ದ.

"ಕೂತ್ಕೊಳ್ಳಿ ಬೆನಾತ್," ಎಂದರು ಟೀಚರ್. "ಇಷ್ಟು ದುಬಾರಿ ದನಿ ನಾನು ಈ ಊರಲ್ಲಿ ಕೇಳಿರ್ಲಿಲ್ಲ. ಇನ್ನೆರಡು ಮಾತು ಪುಕ್ಕಟೆ ಆಡಿ."

ಗಣಿಯವರಲ್ಲೊಬ್ಬ ಕಿಸಕ್ಕೆಂದ. ಆಮೇಲೆ ಮರಿಸೆಲ್. ಓರ್ವಿಲ್ ಮಾತ್ರ ನಗದೆ ಕಣ್ಣುಜ್ಜಿಕೊಂಡ. "ಅರ್ಧ ಗಂಟು ನಂದಾಗ್ತಿತ್ತು. ಕಣ್ಣಿನ ಆಪರೇಷನ್ ಮಾಡಿಸ್ಕೋತಿದ್ದೆ."

"ಹೋದ ವರ್ಷ ಟೀಚರ್ ಹೇಳಿದಾಗ್ಲೇ ಮಾಡಿಸ್ಕೊಂಡಿದ್ರೆ ಒಂಬತ್ತು ಕಾಣ್ತಿತ್ತು," ಎಂದಳು ವೆಲ್ಡಾ. "ಅವನ ಮೇಲೆ ಹಾಕ್ಬೇಡ. ನೀನು ಎಸೆದಿದ್ರೂ ಹೋಗ್ತಿದ್ದ ದುಡ್ಡೇ ಅದು."

ಓರ್ವಿಲ್ ಯೋಚಿಸಿದ. ಆ ಮಾತು ನಿಜವೇ ಆಗಿತ್ತು. ಜೇಬಿಗೆ ಕೈ ಹಾಕಿ ಇನ್ನೊಂದು ಮಿಠಾಯಿ ತೆಗೆದು, ಗಂಭೀರವಾಗಿ ಬೆನಾತ್‌ನ ಬಿಲ್ಲೆಗಳ ಪಕ್ಕ ಇಟ್ಟ.

"ತಗೋ, ಬೀಗ."

ವೆಲ್ಡಾಳ ಕೈ ಅದರ ಮೇಲೆ ಬಿತ್ತು. "ಅದು ನಂದು. ನಾಳೆಯಿಂದ ಅವನಿಗೂ ಒಂದು ತಾ. ನಂದು ನಂಗೆ ತಪ್ಪಕೂಡ್ದು."

ಬೆನಾತ್ ಮಿಠಾಯಿಯನ್ನು, ಅವಳನ್ನು, ಮತ್ತೆ ಮಿಠಾಯಿಯನ್ನು ನೋಡಿದ. ಟೋಪಿಯನ್ನು ಕುರ್ಚಿಯ ಕೆಳಗಿಟ್ಟು ಕೂತ. ಬೆರಳಿನಿಂದ ಮೇಜು ತಟ್ಟಿದ.

ವೆಲ್ಡಾ ತನ್ನ ಕುರ್ಚಿಗೆ ಮರಳಿದಳು. ಮರಿಸೆಲ್ ಎಲೆ ಹಂಚಿದಳು. ಓರ್ವಿಲ್ ತನ್ನ ಪಾಲಿನವನ್ನು ಮೂಗಿನ ತನಕ ಎತ್ತಿದ. ಎಡಕ್ಕೆ ವೆಲ್ಡಾ, ಬಲಕ್ಕೆ ಬೆನಾತ್, ಇಬ್ಬರೂ ಒಟ್ಟಿಗೇ ಕಾಫಿ ಕೌಂಟರಿನ ಕಡೆ ಮುಖ ತಿರುಗಿಸಿದರು. ಅಲ್ಲಿ ಹೊಸ ಕಾಫಿ ಇಳಿಯುತ್ತಿತ್ತು.